ಲಿಫ್ಟ್ ಹತ್ತಿದವರು ಬೆಟ್ಟ ಹತ್ತುವ ಹಾಗಿಲ್ಲ

“ಲಿಫ್ಟಪ್ಪನ ಮನೆಯವರೇ ಲಿಫ್ಟ್ ಹತ್ತೋದು ಬಿಟ್ಟುಬಿಟ್ಟಿದ್ದಾರಂತೆ ಕಣ್ರೀ. ಹೆಂಡ್ತಿ, ಮಕ್ಕಳು, ಸಾಕ್ಷಾತ್ ಲಿಫ್ಟಪ್ಪ, ಎಲ್ಲಾ ಮೆಟ್ಟಿಲಲ್ಲೇ ಓಡಾಟ. ಅಂದ್ಮೇಲೆ ಒಳಗಿನ ಹಗ್ಗ ಯಾವ ಗತೀಲಿದೆ ಅಂತ ನೀವೇ ಯೋಚ್ನೆ ಮಾಡಿ ಸಾರ್.”

ಎರಡನೇ ಮಹಡಿಯ ಟೈಲರಮ್ಮ ಈ ಮಾತು ಹೇಳಿದ್ದು ಕಟ್ಟಡದ ಸಂಘದ ಅಧ್ಯಕ್ಷರಿಗೆ, ಅದೂ ಲಿಫ್ಟಿನ ಬಾಗಿಲ ಮುಂದೆ ನಿಂತು. ಬಟನ್ ಒತ್ತಲು ಬೆರಳು ಚಾಚಿದ್ದ ಅಧ್ಯಕ್ಷರು ಕಾದ ಇಸ್ತ್ರಿಪೆಟ್ಟಿಗೆ ಮುಟ್ಟಿದವರ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡರು.

ಅದೇ ಗಳಿಗೆಯಲ್ಲಿ, ಅವರಿಬ್ಬರ ತಲೆಯ ಮೇಲಿನ ಮೆಟ್ಟಿಲ ತಿರುವಿನಲ್ಲಿ, ಲಿಫ್ಟಪ್ಪ ನಿಂತಿದ್ದ. ಬೆನ್ನ ಮೇಲೆ ಅವನಷ್ಟೇ ದಪ್ಪದ ಚೀಲ. ಮುಖ ಬೆಂದ ಟೊಮೆಟೊ. ಕಿವಿಗೆ ಬಿದ್ದ ಮಾತು ಸೀದಾ ನೆತ್ತಿಗೇರಿತು. “ಯಾರ್ರೀ ಹೇಳಿದ್ದು ನಿಮಗೆ?” ಎಂದು ಗುಡುಗಬೇಕೆಂದು ಬಾಯಿ ತೆರೆದ. ಕೋಪ ಬಂತು, ಮಾತೂ ನಾಲಿಗೆಯವರೆಗೆ ಬಂತು. ಉಸಿರು ಮಾತ್ರ ಬರಲಿಲ್ಲ. ಗೋಡೆ ಹಿಡಿದುಕೊಂಡು, ನೀರಿನಿಂದ ಎತ್ತಿದ ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿ, ಕೊನೆಗೂ ಉಸಿರು ಸಿಕ್ಕುವ ಹೊತ್ತಿಗೆ ಟೈಲರಮ್ಮ ಒಂದು ದಿಕ್ಕಿಗೆ, ಅಧ್ಯಕ್ಷರು ಇನ್ನೊಂದು ದಿಕ್ಕಿಗೆ ಸುದ್ದಿ ಹೊತ್ತು ಹೋಗಿಯಾಗಿತ್ತು.

ಆ ಒಂದು ಉಸಿರು ಸಮಯಕ್ಕೆ ಸರಿಯಾಗಿ ಬಂದಿದ್ದರೆ ಆ ಏಳು ಮಹಡಿಯ ಕಟ್ಟಡದಲ್ಲಿ ಎಲ್ಲರೂ ಸುಖವಾಗಿರುತ್ತಿದ್ದರು. ಬರಲಿಲ್ಲ. ಏನು ಮಾಡುವುದು.

ಲಿಫ್ಟಪ್ಪ ಲಿಫ್ಟ್ ಮೆಕ್ಯಾನಿಕ್. ಊರಿನ ಅರ್ಧ ಕಟ್ಟಡಗಳ ಲಿಫ್ಟು ಅವನ ಕೈಕೆಳಗೆ. ತಾನು ನಾಲ್ಕನೇ ಮಹಡಿಯಲ್ಲಿ ವಾಸವಿದ್ದ ಈ ಕಟ್ಟಡದ ಲಿಫ್ಟು ಕೂಡ. ಒಳ್ಳೆಯ ಕೆಲಸಗಾರ, ಆದರೆ ಕೋಪ ಮೂಗಿನ ತುದಿಯಲ್ಲಿ. ಅವನಿಗಿದ್ದ ಒಂದೇ ಒಂದು ಕೊರತೆ ರಜೆ. ಪ್ರತಿ ಬೇಸಿಗೆ ರಜೆಗೂ ಹೆಂಡತಿ ಮಕ್ಕಳನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆ ಎನ್ನುವುದು, ಚೀಲ ಕಟ್ಟುವುದು, ಯಾವುದೋ ಕಟ್ಟಡದ ಲಿಫ್ಟು ಮಹಡಿಗಳ ನಡುವೆ ಮುನಿಸಿಕೊಂಡು ನಿಲ್ಲುವುದು, ಚೀಲ ಬಿಚ್ಚುವುದು. ಹೋದ ವರ್ಷವಂತೂ ಬಸ್ಸಿನಲ್ಲಿ ಕೂತಾಗಲೇ ಫೋನ್ ಬಂದಿತ್ತು. ಕಂಡಕ್ಟರನಿಗೆ ಕೈಮುಗಿದು ನಾಲ್ವರೂ ಇಳಿದಿದ್ದರು.

ಈ ಸಲ ಹೆಂಡತಿ ಯಾರನ್ನೂ ಕೇಳದೆ ಎಲ್ಲ ಏರ್ಪಾಡೂ ಮಾಡಿಬಿಟ್ಟಿದ್ದಳು. ಬೆಟ್ಟದ ದಾರಿಯಲ್ಲಿ ರಾತ್ರಿ ತಂಗಲು ಮರದ ಕೋಣೆ, ಮಕ್ಕಳ ಕಾಲಿಗೆ ಗಟ್ಟಿ ಬೂಟು, ಮಳೆ ಬಂದರೆ ಮೈಮುಚ್ಚುವ ಅಂಗಿ. ತುದಿಯಲ್ಲೊಂದು ಕೆರೆಯಿದೆಯಂತೆ. ಚಿಕ್ಕ ಮಗ ಪುಟ್ಟ ಅದರ ಚಿತ್ರ ಬರೆದು ಫ್ರಿಜ್ಜಿಗೆ ಅಂಟಿಸಿದ್ದ. ಚಿತ್ರದಲ್ಲಿ ಅಮ್ಮ ಇದ್ದಳು, ಅಕ್ಕ ಇದ್ದಳು, ತಾನಿದ್ದ. ಕೈಯಲ್ಲಿ ಕೋಲು ಹಿಡಿದ ಒಬ್ಬ ಗಂಡಸೂ ಇದ್ದ.

“ಇದು ನಾನಾ?” ಎಂದು ಲಿಫ್ಟಪ್ಪ ಖುಷಿಯಿಂದ ಕೇಳಿದ.

“ಅಲ್ಲ, ಮಾಮ,” ಎಂದಿತು ಮಗು. “ನೀನು ಬರಲ್ವಲ್ಲ.”

ಮಾಮ ಎಂದರೆ ಹೆಂಡತಿಯ ತಮ್ಮ. ಚಪ್ಪಲಿ ಅಂಗಡಿಯಲ್ಲಿ ಸೇಲ್ಸ್‌ಮನ್. ಒಂದೇ ಒಂದು ಸಲ ಬೆಟ್ಟ ಹತ್ತಿ, ಅಂದಿನಿಂದ ಮಾತಿನಲ್ಲಿ ಕೆಳಗೇ ಇಳಿದಿರಲಿಲ್ಲ. ಆವತ್ತು ಊಟಕ್ಕೆ ಬಂದಿದ್ದವನು ತಟ್ಟೆಯಿಂದ ತಲೆ ಎತ್ತಿ, “ಬೇಜಾರ್ ಮಾಡ್ಕೋಬೇಡಿ ಭಾವ. ನೀವು ಬಟನ್ ಒತ್ತಿ ಮೇಲೆ ಹೋಗೋ ಮನುಷ್ಯ. ಬೆಟ್ಟಕ್ಕೆ ಬಟನ್ ಇರಲ್ಲ. ಮಕ್ಕಳನ್ನ ನಾನು ಕರ್ಕೊಂಡ್ ಹೋಗ್ತೀನಿ, ಬಿಡಿ” ಎಂದ.

ಲಿಫ್ಟಪ್ಪನ ಮೈಯೆಲ್ಲ ಉರಿಯಿತು. ಎದ್ದು ನಿಂತ. ಅನ್ನ ಕಲಸಿದ ಕೈಯನ್ನೇ ಮೇಲೆತ್ತಿ, ಮಹಾಯುದ್ಧಕ್ಕೆ ಹೊರಟವನಂತೆ ಘೋಷಿಸಿದ: “ಇವತ್ತಿಂದ ಎಲ್ಲರೂ ಮೆಟ್ಟಿಲು. ಬೆನ್ನಿಗೆ ಭಾರ ಕಟ್ಕೊಂಡು ಅಭ್ಯಾಸ. ಈ ಕಟ್ಟಡದ ಲಿಫ್ಟ್ ಹತ್ತಿದವರು ಬೆಟ್ಟ ಹತ್ತೋ ಹಾಗಿಲ್ಲ. ಅದು ಯಾರೇ ಆಗಿರಲಿ.”

“ಯಾರೇ ಆಗಿರಲಿ?” ದೊಡ್ಡ ಮಗಳು ಕೇಳಿದಳು. ಅವಳು ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ತೆಗೆದುಕೊಂಡವಳು. ಮಾತನ್ನು ಹಿಡಿದರೆ ಬಿಡುವ ಪೈಕಿಯಲ್ಲ.

“ಯಾರೇ ಆಗಿರಲಿ.”

ಹೀಗೆ ಶುರುವಾದದ್ದು ಅದು.

ಈಗ ಸುದ್ದಿಗೆ ರೆಕ್ಕೆಪುಕ್ಕ ಬಂತು. ಎರಡೇ ದಿನದಲ್ಲಿ ಇಡೀ ಕಟ್ಟಡ ಮೆಟ್ಟಿಲಿಗೆ ಬಿತ್ತು. ಲಿಫ್ಟು ದೀಪ ಹಚ್ಚಿಕೊಂಡು, ಫ್ಯಾನು ತಿರುಗಿಸಿಕೊಂಡು, ಗಿರಾಕಿಯಿಲ್ಲದ ಅಂಗಡಿಯ ಹಾಗೆ ಕೆಳಗೆ ನಿಂತಿತ್ತು. ಅದನ್ನು ನೋಡಿದಾಗಲೆಲ್ಲ ಲಿಫ್ಟಪ್ಪನಿಗೆ ತನ್ನ ಮಗುವಿಗೇ ಯಾರೋ ಕಳ್ಳ ಅಂದಂತಾಗುತ್ತಿತ್ತು. ಟೈಲರಮ್ಮನನ್ನು ಮೆಟ್ಟಿಲಲ್ಲೇ ಅಡ್ಡಹಾಕಿದ.

“ಏನಮ್ಮಾ ನೀವು, ಬಾಯಿಗೆ ಬಂದಂಗೆ ಹೇಳ್ಕೊಂಡ್ ತಿರುಗ್ತಿದ್ದೀರಂತೆ? ಲಿಫ್ಟು ಗುಂಡುಕಲ್ಲಿನ ಹಾಗಿದೆ.”

“ಹಂಗಾದ್ರೆ ನೀವ್ಯಾಕೆ ಹತ್ತಲ್ಲ?”

“ಅಭ್ಯಾಸ ಮಾಡ್ತಿದ್ದೀವಿ. ಬೆಟ್ಟಕ್ಕೆ ಹೋಗ್ತಿದ್ದೀವಿ.”

“ಯಾವತ್ತು?”

“ಸೋಮವಾರ.”

ಟೈಲರಮ್ಮನ ಕಣ್ಣು ಗುಂಡಿ ಬಿಚ್ಚಿದ ಹಾಗೆ ಅಗಲವಾಯಿತು. “ಇಷ್ಟು ವರ್ಷ ಒಂದಿನ ಊರು ಬಿಡದವರು, ಇದ್ದಕ್ಕಿದ್ದ ಹಾಗೆ, ಸಂಸಾರ ಸಮೇತ, ಸೋಮವಾರ,” ಎಂದು ಒಂದೊಂದೇ ಮಾತನ್ನು ಸೂಜಿಗೆ ಪೋಣಿಸಿದಳು. “ಅಂದ್ರೆ ಅದು ಬೀಳೋದು ಮಂಗಳವಾರ.”

ಅವತ್ತು ಸಂಜೆಯೊಳಗೆ ಇಡೀ ಕಟ್ಟಡಕ್ಕೆ ಗೊತ್ತಾಯಿತು: ಲಿಫ್ಟಪ್ಪ ಓಡಿಹೋಗುತ್ತಿದ್ದಾನೆ.

ಎಲ್ಲರಿಗಿಂತ ಹೆಚ್ಚು ಸಿಟ್ಟಾದದ್ದು ಏಳನೇ ಮಹಡಿಯ ಅಜ್ಜಿ. ಮಂಡಿನೋವಿನ ಅಜ್ಜಿ ದಿನಾ ಲಿಫ್ಟಿನಲ್ಲಿ ಇಳಿದು ಉದ್ಯಾನದಲ್ಲಿ ಕೂತು, ಬಂದುಹೋಗುವವರಿಗೆಲ್ಲ ಬುದ್ಧಿ ಹೇಳಿ ಬರುತ್ತಿದ್ದರು. ಈಗ ಅದು ನಿಂತಿತು. ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಸಿ ಹಾಲು, ಔಷಧಿ ಏರಿಸಿಕೊಳ್ಳುತ್ತಿದ್ದರು. ಬುಟ್ಟಿಯ ಜೊತೆಗೇ ಬೈಗುಳವೂ ಇಳಿಯುತ್ತಿತ್ತು.

“ಲೋ ಲಿಫ್ಟಪ್ಪಾ, ನಿನ್ನ ಲಿಫ್ಟಿಗಿಂತ ನನ್ನ ಬುಟ್ಟಿ ವಾಸಿ ಕಣೋ. ಇದರ ಹಗ್ಗ ಕಣ್ಣಿಗಾದ್ರೂ ಕಾಣ್ಸುತ್ತೆ.”

“ಅಜ್ಜಿ, ಲಿಫ್ಟ್ ಸರಿಯಾಗಿದೆ ಅಂತ ಎಷ್ಟು ಸಲ ಹೇಳ್ಲಿ?”

“ಕೆಳಗಿಂದ ಕಿರುಚಬೇಡ. ಮನುಷ್ಯ ಆದ್ರೆ ಮನೆಗೆ ಬಂದು ಹೇಳು.”

ಲಿಫ್ಟಪ್ಪ ಹಲ್ಲು ಕಡಿದುಕೊಂಡು ಹೋದನೇ ಹೊರತು ಮೇಲೆ ಹೋಗಿ ಹೇಳಲಿಲ್ಲ. ತಪ್ಪೇ ಮಾಡದವನು ಯಾರ ಮನೆ ಬಾಗಿಲಿಗೂ ಹೋಗುವುದಿಲ್ಲ ಎನ್ನುವುದು ಅವನ ಸ್ವಾಭಿಮಾನ.

ಚೀಲದ ವಿಷಯ ಹೇಳಬೇಕು. ಅಭ್ಯಾಸಕ್ಕೆ ಭಾರ ಬೇಕಲ್ಲ. ಬೇರೆಯವರಾಗಿದ್ದರೆ ನೀರಿನ ಬಾಟಲಿ ತುಂಬುತ್ತಿದ್ದರು. ಲಿಫ್ಟಪ್ಪನ ಮಂಚದ ಕೆಳಗೆ ಊರಿನ ಕಟ್ಟಡಗಳಿಂದ ಬದಲಾಯಿಸಿ ತಂದ ಹಳೆಯ ಸಾಮಾನಿನ ರಾಶಿಯೇ ಇತ್ತು: ಸವೆದ ರೋಲರುಗಳು, ಒಡೆದ ಕಬ್ಬಿಣದ ಗಾಲಿ, ತುಂಡಾದ ತಂತಿಹಗ್ಗ. ಅದನ್ನೇ ತುಂಬಿದ. “ಮಕ್ಕಳ ಚೀಲಕ್ಕೆ ದಿಂಬು ಸಾಕು, ನನ್ನದಕ್ಕೆ ಕಬ್ಬಿಣ” ಎಂದು ಹೆಮ್ಮೆ ಬೇರೆ.

ಶನಿವಾರ ಬೆಳಿಗ್ಗೆ, ಐದನೇ ಮಹಡಿಯ ತಿರುವಿನಲ್ಲಿ, ಚೀಲದ ತಳ ಪರ್ರೆಂದು ಹರಿಯಿತು.

ಮೊದಲು ಹೊರಟದ್ದು ಗಾಲಿ. ಒಂದೊಂದು ಮೆಟ್ಟಿಲಿಗೂ ಒಂದೊಂದು ಗಂಟೆ ಬಾರಿಸುತ್ತ ಇಳಿಯಿತು. ಹಿಂದೆ ರೋಲರುಗಳು, ತಾಯಿಕೋಳಿಯ ಹಿಂದಿನ ಮರಿಗಳ ಹಾಗೆ. ಪ್ರತಿ ಮಹಡಿಯಲ್ಲೂ ಬಾಗಿಲು ತೆರೆಯಿತು, ಪ್ರತಿ ಬಾಗಿಲಿನಿಂದಲೂ ಒಂದು ತಲೆ ಹೊರಬಂತು. ಕೊನೆಗೆ ಗಾಲಿ ಕೆಳಗಿನ ಅಂಗಳಕ್ಕೆ ತಲುಪಿ, ಮೂರು ಸುತ್ತು ಹಾಕಿ, ಪತ್ರಿಕೆ ಓದುತ್ತ ಕೂತಿದ್ದ ಅಧ್ಯಕ್ಷರ ಪಾದದ ಬಳಿ ಮಲಗಿತು. ಆಮೇಲೆ ನಿಧಾನವಾಗಿ ತುಂಡಾದ ತಂತಿಹಗ್ಗವೂ ಬಂತು.

ಅಧ್ಯಕ್ಷರು ರೈಲ್ವೆ ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದು ನಿವೃತ್ತರಾದವರು. ಕೆಲಸ ಬಿಟ್ಟರೂ ದನಿ ಅವರನ್ನು ಬಿಟ್ಟಿರಲಿಲ್ಲ. ಹಗ್ಗವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಮೆಟ್ಟಿಲ ಕಡೆ ಮುಖ ಮಾಡಿ, ಮೂಗಿನಿಂದ ಹೇಳಿದರು: “ದಯವಿಟ್ಟು ಗಮನಿಸಿ. ನಮ್ಮ ಲಿಫ್ಟಿನ ಬಿಡಿಭಾಗಗಳು ಮೆಟ್ಟಿಲಿನ ಮೂಲಕ ಬರುತ್ತಿವೆ.”

“ಇದು ಈ ಲಿಫ್ಟಿಂದಲ್ಲ,” ಎಂದು ಓಡಿಬಂದ ಲಿಫ್ಟಪ್ಪ ಕೂಗಿದ.

“ಮತ್ತೆ ಯಾವ ಲಿಫ್ಟಿಂದು?”

“ಬೇರೆ ಬೇರೆ ಲಿಫ್ಟಿಂದು.”

“ಅಂದ್ರೆ ಊರಿನ ಲಿಫ್ಟೆಲ್ಲಾ ಬಿಚ್ಕೊಂಡು ಬೆಟ್ಟಕ್ಕೆ ಹೋಗ್ತಿದ್ದೀರಿ,” ಎಂದಳು ಟೈಲರಮ್ಮ. “ಅಲ್ಲೇನು ಅಂಗಡಿ ಇಡ್ತೀರಾ?”

ಲಿಫ್ಟಪ್ಪ ಏನೋ ಹೇಳಲು ಹೋಗಿ, ಕೋಪದಲ್ಲಿ ಗಾಲಿಗೆ ಜಾಡಿಸಿ ಒದ್ದ. ಅದು ಕಬ್ಬಿಣದ್ದೆಂದು ಕಾಲಿಗೆ ಆಮೇಲೆ ನೆನಪಾಯಿತು. ಒಂಟಿಕಾಲಲ್ಲಿ ಕುಣಿಯುವವನ ಸ್ಪಷ್ಟೀಕರಣವನ್ನು ಯಾರು ತಾನೇ ನಂಬುತ್ತಾರೆ.

ಮಧ್ಯಾಹ್ನವೇ ಲಿಫ್ಟ್ ಕಂಪನಿಯ ಸೂಪರ್‌ವೈಸರ್ ಫೋನ್ ಬಂತು. ಸಾಕಷ್ಟು ದೂರ ಹಿಡಿದರೂ ಮನೆಯವರಿಗೆಲ್ಲ ಕೇಳಿಸುವಂಥ ದನಿ.

“ಏನ್ರೀ ಅದು? ನಿಮ್ಮ ಅಧ್ಯಕ್ಷರು ಫೋನ್ ಮಾಡಿ ರೈಲು ಹಳಿ ತಪ್ಪಿದ ಹಾಗೆ ಹೇಳ್ತಾರೆ. ಲಿಫ್ಟ್ ಸರಿಯಾಗಿದೆ ಅಂತ ಆ ಮನುಷ್ಯ ತನ್ನ ಬಾಯಲ್ಲೇ ಹೇಳೋವರೆಗೂ ನಿಮಗೆ ರಜೆ ಇಲ್ಲ.”

“ಸಾರ್, ಸೋಮವಾರ ಬೆಳಿಗ್ಗೆ ಬಸ್ಸು.”

“ಬಸ್ಸಿಗೆ ನಾನೇನ್ ಡ್ರೈವರಾ?”

ಲಿಫ್ಟಪ್ಪ ಫೋನ್ ಇಟ್ಟ. ಪುಟ್ಟ ಬೂಟು ಕಳಚಿ ಮಂಚದ ಕೆಳಗಿಟ್ಟ. ಅತ್ತಿದ್ದರೆ ಲಿಫ್ಟಪ್ಪ ಬೈದುಬಿಡುತ್ತಿದ್ದ. ಮಗು ಅಳಲಿಲ್ಲ. ಅದಕ್ಕೆ ಅಭ್ಯಾಸವಾಗಿಹೋಗಿತ್ತು.

ಹೆಂಡತಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ನೋವಾಗದ ಹಾಗೆ ಸೂಜಿ ಚುಚ್ಚುವುದು ಅವಳ ವೃತ್ತಿ. ಮನೆಯಲ್ಲಿ ಆ ಎಚ್ಚರಿಕೆ ತೆಗೆದುಕೊಳ್ಳುತ್ತಿರಲಿಲ್ಲ. “ನೋಡ್ರೀ, ನಾವು ಸೋಮವಾರ ಹೋಗೋದು ಹೋಗೋದೇ. ನೀವಿದ್ರೆ ನೀವು, ಇಲ್ದಿದ್ರೆ ನನ್ನ ತಮ್ಮ. ಅವನಿಗೆ ಹೇಳಿಯೂ ಆಯ್ತು.”

ಆ ತಮ್ಮ ಭಾನುವಾರ ಸಂಜೆಯೇ ಕೋಲು, ಟೋಪಿ, ಕುತ್ತಿಗೆಗೆ ನೇತುಹಾಕಿದ ಸೀಟಿ ಸಮೇತ ಬಂದಿಳಿದ. “ಚಿಂತೆ ಮಾಡ್ಬೇಡಿ ಭಾವ. ಫೋಟೋ ಕಳಿಸ್ತೀನಿ” ಎಂದ.

ಲಿಫ್ಟಪ್ಪ ಅವನನ್ನು ಪಕ್ಕಕ್ಕೆ ತಳ್ಳಿ ಕೆಳಗಿಳಿದ. ಮೆಟ್ಟಿಲಲ್ಲಿ ಸಿಕ್ಕಿದ ಪ್ರತಿ ಬಾಗಿಲನ್ನೂ ಬಡಿದ. ಕೆಳಗೆ ಲಿಫ್ಟಿನ ಮುಂದೆ ಜನ ಸೇರಿದರು, ಹೆಂಡತಿ, ಮಕ್ಕಳು, ಮಾಮ ಕೂಡ. ಅಧ್ಯಕ್ಷರು ಮುಂದೆ, ಟೈಲರಮ್ಮ ಅವರಿಗಿಂತ ಮುಂದೆ.

“ಎಲ್ಲರೂ ಕಣ್ಣು ಬಿಟ್ಕೊಂಡು ನೋಡಿ” ಎಂದು ಲಿಫ್ಟಪ್ಪ ಒಳಹೊಕ್ಕು ಬಟನ್ ಒತ್ತಿದ. ಮೇಲೆ ಹೋದ. ಕೆಳಗೆ ಬಂದ. ಬಾಗಿಲು ತೆರೆದಾಗ ಎದೆಯುಬ್ಬಿಸಿ ನಿಂತಿದ್ದ. “ಏನಾಯ್ತು? ಬಿತ್ತಾ?”

“ನಿಮಗೆ ಎಲ್ಲಿ ಹಿಡ್ಕೋಬೇಕು ಅಂತ ಗೊತ್ತಿರುತ್ತೆ,” ಎಂದಳು ಟೈಲರಮ್ಮ. “ಮಕ್ಕಳನ್ನ ಹತ್ತಿಸಿ, ಆಮೇಲೆ ನಂಬೋಣ.”

ಜನ ಹೌದು ಹೌದು ಎಂದರು. ಲಿಫ್ಟಪ್ಪ ಹೊರಗೆ ಬಂದು ಗೆದ್ದವನ ಹಾಗೆ ಕೈ ಚಾಚಿದ. “ಬಾರೋ ಪುಟ್ಟಾ.”

ಪುಟ್ಟ ಎರಡು ಹೆಜ್ಜೆ ಹಿಂದೆ ಸರಿದ. “ಬರಲ್ಲ.”

“ಬಾ ಅಂದ್ನಲ್ಲ.”

“ಅಪ್ಪಾ ಬೇಡ. ನೀನೇ ಹೇಳಿದ್ದೆ, ಹತ್ತಬಾರದು ಅಂತ.”

ಲಿಫ್ಟಪ್ಪ ಮಗಳ ಕಡೆ ತಿರುಗಿದ. ಅವಳು ಮೆಟ್ಟಿಲ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ನಾನೂ ಹತ್ತಲ್ಲ. ನನ್ನನ್ನ ಎಳೆದ್ರೂ ಹತ್ತಲ್ಲ.”

“ನೀನಾದ್ರೂ ಬಾರೆ,” ಎಂದು ಹೆಂಡತಿಯ ಮುಂದೆ ಅಕ್ಷರಶಃ ಕೈಮುಗಿದ.

“ರೂಲ್ ಮಾಡಿದ್ದು ನೀವು,” ಎಂದಳು ಅವಳು, ತಣ್ಣಗೆ. “ನಂಗೂ ಆ ಕೆರೆ ನೋಡ್ಬೇಕು.”

“ಕೇಳಿದ್ರಾ? ಹೆತ್ತ ಮಕ್ಕಳಿಗೇ ಹತ್ತಬೇಡಿ ಅಂದಿದ್ದಾನೆ,” ಎಂದು ಟೈಲರಮ್ಮ ಎದೆಗೆ ಕೈಯಿಟ್ಟುಕೊಂಡಳು. ಅಧ್ಯಕ್ಷರು ಸೂಪರ್‌ವೈಸರಿಗೆ ಕರೆ ಮಾಡಲು ಫೋನ್ ತೆಗೆದರು.

ಆಗ ಲಿಫ್ಟಪ್ಪ ಸಿಡಿದ. ಇಷ್ಟು ವರ್ಷದ ಬಿಸಿಯೆಲ್ಲ ಒಂದೇ ಸಲ ಹೊರಬಂತು. “ಥೂ, ಏನ್ ಜನಾರೀ ನೀವು? ಊರಿನವರನ್ನೆಲ್ಲಾ ದಿನಾ ಮೇಲೆ ಕಳಿಸೋನು ನಾನು. ನಿಮ್ಮ ಸೋಫಾ ಮೇಲೆ ಹೋಯ್ತು, ನಿಮ್ಮ ನಾಯಿ ಮೇಲೆ ಹೋಯ್ತು, ಮದುವೆ ಆಗಿ ಬಂದ ಸೊಸೆ ಮೇಲೆ ಹೋದ್ಲು. ನನ್ನ ಮಕ್ಕಳು ಇವತ್ತಿನವರೆಗೂ ನಾಲ್ಕನೇ ಮಹಡಿಗಿಂತ ಎತ್ತರದ್ದೇನೂ ನೋಡಿಲ್ಲ. ಒಂದು ಸಲ, ಒಂದೇ ಒಂದು ಸಲ, ಅವರನ್ನ ನಾನು ಮೇಲೆ ಕರ್ಕೊಂಡ್ ಹೋಗ್ತೀನಿ ಅಂದ್ರೆ ನಿಮಗೆ ಹೊಟ್ಟೆನೋವು. ಹೋಗಿ, ಮೆಟ್ಟಿಲಲ್ಲೇ ಸಾಯಿರಿ. ಈ ಲಿಫ್ಟಿಗೆ ನೀವು ಯೋಗ್ಯರಲ್ಲ.”

ಅಷ್ಟರಲ್ಲಿ ಒಂದು ಸದ್ದು ಕೇಳಿಸಿತು. ಲಿಫ್ಟಿನ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಲಿಫ್ಟು ಮೇಲೆ ಹೊರಟಿತು. ಏಳನೇ ಮಹಡಿಯ ದೀಪ ಹತ್ತಿತು. ಆಮೇಲೆ ಆರು. ಐದು. ಯಾರೋ ಬರುತ್ತಿದ್ದರು. ಟೈಲರಮ್ಮ ಕಣ್ಣು ಮುಚ್ಚಿಕೊಂಡಳು.

ಬಾಗಿಲು ತೆರೆದಾಗ ಏಳನೇ ಮಹಡಿಯ ಅಜ್ಜಿ ಕೊಡೆ ಊರಿಕೊಂಡು ಹೊರಬಂದರು. ಸೀದಾ ಲಿಫ್ಟಪ್ಪನ ಹತ್ತಿರ ಬಂದು, ಕೊಡೆಯ ಹಿಡಿಯಿಂದ ಅವನ ಭುಜಕ್ಕೆ ಒಂದು ಕೊಟ್ಟರು.

“ಇಷ್ಟು ಜೋರಾಗಿ ಕಿರುಚೋಕೆ ಬರುತ್ತೆ, ಮೇಲೆ ಬಂದು ‘ಅಜ್ಜಿ, ಮಕ್ಕಳನ್ನ ಬೆಟ್ಟಕ್ಕೆ ತಯಾರು ಮಾಡ್ತಿದ್ದೀನಿ’ ಅಂತ ಒಂದು ಮಾತು ಹೇಳೋಕೆ ಏನಾಗಿತ್ತೋ ನಿಂಗೆ?”

ಅಜ್ಜಿ ಬದುಕಿ ಬಂದದ್ದನ್ನು ಕಂಡ ಜನಕ್ಕೆ ಜೀವ ಬಂತು. ಒಂದು ವಾರದಿಂದ ತೊಡೆ ಹಿಡಿದುಕೊಂಡು ಹತ್ತಿದವರೆಲ್ಲ ಒಟ್ಟಿಗೆ ಲಿಫ್ಟಿಗೆ ನುಗ್ಗಿದರು. ಒಳಗೆ ಜಾಗ ಸಿಕ್ಕಿದ್ದು ಮಾತ್ರ ಕೆಲವರಿಗೆ: ಅಧ್ಯಕ್ಷರು, ಟೈಲರಮ್ಮ, ನಾಲ್ಕನೇ ಮಹಡಿಯಲ್ಲಿ ಚೀಲ ಬಿಟ್ಟುಬಂದಿದ್ದ ಮಾಮ.

“ಭಯ ಪಡಬೇಡಿ, ಎಷ್ಟು ಗಟ್ಟಿ ಅಂತ ನಾನು ತೋರಿಸ್ತೀನಿ,” ಎಂದು ಮಾಮನ ದನಿ ಎರಡನೇ ಮಹಡಿ ದಾಟುವಾಗ ಕೇಳಿಸಿತು. ಅದರ ಹಿಂದೆಯೇ ಧಡ್ ಎಂದು ಒಂದು ಸದ್ದು. ಮಾಮ ಲಿಫ್ಟಿನೊಳಗೆ ನೆಗೆದಿದ್ದ.

ಕುಣಿದವರನ್ನು ಹೊತ್ತು ಹೋಗುವಂಥ ಲಿಫ್ಟು ಅದಲ್ಲ. ಮಹಡಿಗಳ ನಡುವೆ ಕಚ್ಚಿ ನಿಂತುಬಿಟ್ಟಿತು.

ಲಿಫ್ಟಪ್ಪ ನಿಧಾನವಾಗಿ ಎರಡು ಮಹಡಿ ಹತ್ತಿ, ಬಾಗಿಲ ಸಂದಿಗೆ ಬಾಯಿ ಹತ್ತಿರ ತಂದು ಮೆಟ್ಟಿಲ ಮೇಲೆ ಕೂತ. ಎಷ್ಟೋ ದಿನಗಳ ನಂತರ ಮುಖದಲ್ಲಿ ಶಾಂತಿ ನೆಲೆಸಿತ್ತು.

“ಅಧ್ಯಕ್ಷರೇ, ಆರಾಮಾ?”

“ಆರಾಮ ಎಲ್ಲಿ ಬಂತ್ರೀ, ಬೇಗ ತೆಗೀರಿ.”

“ತೆಗೀತೀನಿ. ಮೇಲೆ ಟೆರೇಸಿಗೆ ಹೋಗಿ ಕೈಯಲ್ಲಿ ಚಕ್ರ ತಿರುಗಿಸಬೇಕು. ಆದ್ರೆ ರಜೆ ಇಲ್ಲ ಅಂತ ಮನಸ್ಸಿಗೆ ತುಂಬಾ ಬೇಜಾರಾಗಿದೆ ಸಾರ್, ಕಾಲೇ ಏಳ್ತಿಲ್ಲ. ಸೂಪರ್‌ವೈಸರಿಗೆ ಒಂದು ಫೋನ್ ಮಾಡ್ತೀರಾ?”

ಒಳಗೆ ಗುಸುಗುಸು ನಡೆಯಿತು. ಟೈಲರಮ್ಮನ “ಮಾಡ್ರೀ ಮಾರಾಯ್ರೇ, ಇವನ ಕೋಲು ನನ್ನ ಪಕ್ಕೆಗೆ ಚುಚ್ತಿದೆ” ಕೇಳಿಸಿತು. ಆಮೇಲೆ ಆ ಪ್ರಸಿದ್ಧ ಮೂಗಿನ ದನಿ.

“ದಯವಿಟ್ಟು ಗಮನಿಸಿ. ನಮ್ಮ ಕಟ್ಟಡದ ಲಿಫ್ಟು ಅತ್ಯಂತ ತೃಪ್ತಿಕರವಾಗಿದೆ. ಹೌದು, ನಾನೇ ನೋಡಿದೆ. ಈಗಲೂ ಅದರೊಳಗೇ ಇದ್ದೀನಿ. ಇಲ್ಲ, ಇಳಿಯೋ ಆತುರ ಏನಿಲ್ಲ. ಲಿಫ್ಟಪ್ಪನವರ ರಜೆ ನಿಗದಿತ ಸಮಯಕ್ಕೆ ಸರಿಯಾಗಿ ಹೊರಡಲಿದೆ.”

ಲಿಫ್ಟಪ್ಪ ಎದ್ದ. ಟೆರೇಸಿನವರೆಗೆ ಒಂದೇ ಉಸಿರಿಗೆ ಓಡಿದ. ಚಕ್ರ ತಿರುಗಿಸಿ ಎಲ್ಲರನ್ನೂ ಮೂರನೇ ಮಹಡಿಗೆ ತಂದು ಬಿಟ್ಟು, ಮತ್ತೆ ಓಡಿಕೊಂಡೇ ಇಳಿದ. ಅರ್ಧ ದಾರಿಯಲ್ಲಿ ಹೊಳೆಯಿತು, ತಾನು ಏದುಸಿರು ಬಿಡುತ್ತಿಲ್ಲ ಎಂದು. ನಿಂತು ಪರೀಕ್ಷೆಗೆಂದು ಒಂದು ಸಲ ಕೂಗಿದ. ದನಿ ಗಂಟೆಯ ಹಾಗೆ ಹೊರಬಂತು.

ಮನೆಯ ಬಾಗಿಲಲ್ಲಿ ಮಕ್ಕಳಿಬ್ಬರೂ ಬೂಟು ಹಾಕಿಕೊಂಡು ನಿಂತಿದ್ದರು.

“ರಜೆ ಸಿಕ್ತು,” ಎಂದ ಲಿಫ್ಟಪ್ಪ.

“ಗೊತ್ತಾಯ್ತು,” ಎಂದಳು ಮಗಳು. “ಆದ್ರೆ ಅಪ್ಪಾ, ನೀನು ಲಿಫ್ಟ್ ಹತ್ತಿದೆ.”

ಲಿಫ್ಟಪ್ಪ ನಕ್ಕ. ಎದುರು ಯಾರೂ ನಗಲಿಲ್ಲ.

“ಅದು ಕೆಲಸ ಕಣೇ.”

“ಕೆಲಸ ಆಗಿದ್ರೆ ಟೂಲ್ ಬ್ಯಾಗ್ ಎಲ್ಲಿತ್ತು? ಯಾರೇ ಆಗಿರಲಿ ಅಂದಿದ್ದೆ. ಎರಡು ಸಲ ಹೇಳಿದ್ದೆ ನೀನು.”

“ಹಂಗಾದ್ರೆ ನಿಮ್ಮ ಮಾಮ?”

“ಮಾಮನೂ ಹತ್ತಿದ. ಮಾಮನೂ ಔಟ್,” ಎಂದ ಪುಟ್ಟ. ಒಳಗೆ ಸೋಫಾದ ಮೇಲೆ ನೀರು ಕುಡಿಯುತ್ತಿದ್ದ ಮಾಮನಿಗೆ ಕೆಮ್ಮು ಬಂತು.

ಲಿಫ್ಟಪ್ಪನ ಮುಖಕ್ಕೆ ಮತ್ತೆ ಕೆಂಪೇರಿತು. ಹೆಂಡತಿಯ ಕಡೆ ನೋಡಿದ. ಅವಳು ಹರಿದ ಚೀಲದ ತಳವನ್ನು ಹೊಲಿದು ಮುಗಿಸಿ ಹಲ್ಲಲ್ಲಿ ದಾರ ಕಡಿಯುತ್ತಿದ್ದಳು. ಕಬ್ಬಿಣವನ್ನೆಲ್ಲ ಅದಕ್ಕೆ ವಾಪಸ್ ತುಂಬಿಯೂ ಆಗಿತ್ತು. ಅವಳ ತುಟಿಯ ಒಂದು ಮೂಲೆ ಮಾತ್ರ ಅಲುಗುತ್ತಿತ್ತು.

“ನಾನು, ಇವಳು, ಪುಟ್ಟ ಮೂವರೂ ಮಾತಾಡ್ಕೊಂಡ್ವಿ,” ಎಂದಳು. “ಒಂದು ದಾರಿ ಇದೆ. ಹತ್ತಿದ್ದನ್ನ ಕಳೀಬೇಕು.”

“ಹೆಂಗೆ?”

ಮಗಳು ಗಂಟಲು ಸರಿಮಾಡಿಕೊಂಡಳು. “ಬಸ್ಸು ಆರೂವರೆಗೆ. ನಾಳೆ ಬೆಳಿಗ್ಗೆ ಐದಕ್ಕೆ ಕೆಳಗಿನ ಮೆಟ್ಟಿಲ ಹತ್ರ ಬಾ. ಈ ಚೀಲ ಹೊತ್ಕೊಂಡು ಏಳನೇ ಮಹಡಿಗೆ ಹೋಗು. ಅಜ್ಜಿ ಬಾಗಿಲಲ್ಲೇ ಕೂತಿರ್ತಾರೆ, ಅವರಿಗೆ ತಪ್ಪಾಯ್ತು ಅಂತ ಹೇಳಿ ಇಳಿದು ಬಾ. ಆಮೇಲೆ ಬೆಟ್ಟ.”

“ಅಜ್ಜಿಗೆ ಯಾರು ಹೇಳಿದ್ದು?”

“ಅವರೇ ಹೇಳಿದ್ದು ನಮಗೆ,” ಎಂದ ಪುಟ್ಟ. “ಕೊಡೆ ತರ್ತೀನಿ ಅಂದ್ರು.”

ಲಿಫ್ಟಪ್ಪ ಬಾಯಿ ತೆರೆದ. ಬಯ್ಯಲು ಬೇಕಾದ ಉಸಿರೆಲ್ಲ ಇವತ್ತು ಇತ್ತು. ಆದರೆ ಫ್ರಿಜ್ಜಿನ ಮೇಲಿನ ಚಿತ್ರ ಕಣ್ಣಿಗೆ ಬಿತ್ತು. ಕೋಲು ಹಿಡಿದ ಗಂಡಸಿನ ಕೈಯಿಂದ ಯಾರೋ ಕೋಲನ್ನು ಅಳಿಸಿ, ಬೆನ್ನಿಗೆ ಒಂದು ದೊಡ್ಡ ಚೀಲ ಬರೆದಿದ್ದರು.

“ಐದಕ್ಕಾ?” ಎಂದ.

“ಐದಕ್ಕೆ,” ಎಂದಳು ಮಗಳು. “ತಡ ಮಾಡ್ಬೇಡ.”